ಸೈನಿಕರ ಸಮಾಧಿ: ಕಾಗದಪತ್ರ ಮೊದಲೇ ಸಿದ್ಧವಿರಲಿ

ಅಮೆರಿಕದ ಮಾಜಿ ಸೈನಿಕರ ಇಲಾಖೆ ನಡೆಸುವ ರಾಷ್ಟ್ರೀಯ ಸ್ಮಶಾನಗಳಲ್ಲಿ ಅರ್ಹರಿಗೆ ಸಮಾಧಿಯ ಜಾಗ, ಹೆಸರು ಕೆತ್ತಿದ ಕಲ್ಲು, ಶಾಶ್ವತ ನಿರ್ವಹಣೆ ಎಲ್ಲವೂ ಉಚಿತ. ಅವರ ಪತಿ ಅಥವಾ ಪತ್ನಿಗೂ ಅಲ್ಲಿ ಜಾಗವುಂಟು. 1862ರಲ್ಲಿ, ಅಂತರ್ಯುದ್ಧದ ನಡುವೆ ಆರಂಭವಾದ ಈ ವ್ಯವಸ್ಥೆ ದೇಶ ತೀರಿಸುವ ಋಣ. ಆದರೆ ಹಕ್ಕು ದಕ್ಕಲು ಸೇವೆಯಿಂದ ಬಿಡುಗಡೆಯಾದ ದಾಖಲೆ ಬೇಕು. ಸಾವಿನ ಮನೆಯಲ್ಲಿ ಅದಕ್ಕಾಗಿ ತಡಕಾಡುವ ಸ್ಥಿತಿ ಯಾರಿಗೂ ಬರಬಾರದು. ಬದುಕಿರುವಾಗಲೇ ಅರ್ಹತೆ ಖಚಿತಪಡಿಸಿಕೊಳ್ಳುವ ಸೌಲಭ್ಯವನ್ನು ಪ್ರತಿಯೊಬ್ಬ ಮಾಜಿ ಸೈನಿಕರೂ ಬಳಸಿಕೊಳ್ಳಬೇಕು.

ಬದುಕಿರುವಾಗ ಸಾವಿನ ಮಾತು ಅಪಶಕುನವೆಂದು ಕೆಲವರು ಹಿಂಜರಿಯಬಹುದು. ಈ ಸೌಲಭ್ಯದಿಂದ ನಿರ್ದಿಷ್ಟ ಜಾಗ ಕಾಯ್ದಿರಿಸಲಾಗದು ಎಂಬ ಆಕ್ಷೇಪವೂ ನಿಜ. ಆದರೂ ಅರ್ಹತೆಯ ಪತ್ರ ಕೈಯಲ್ಲಿದ್ದರೆ ಮನೆಯವರಿಗೆ ಅಲೆದಾಟ ತಪ್ಪುತ್ತದೆ. ಅಂತ್ಯಸಂಸ್ಕಾರದ ದಿನ ಬೇಗ ಗೊತ್ತಾಗುತ್ತದೆ. ಸೇವೆಯಿಂದ ಬೀಳ್ಕೊಡುವ ದಿನವೇ ಸರ್ಕಾರ ಅರ್ಹತೆ ಖಚಿತಪಡಿಸಿಕೊಳ್ಳುವ ಅರ್ಜಿಯನ್ನು ಸೈನಿಕರ ಕೈಗಿಡಬೇಕು.