ಕಾಮರಾಜರ ನಲ್ಲಿ ಮತ್ತು ಕಾಮರಾಜರ ಊಟ

ಬಡತನದಿಂದ ಮೇಲೆ ಬಂದ ನಾಯಕರ ಕಥೆಗಳೆಂದರೆ ನಮಗೆಲ್ಲ ಅದೇನೋ ಪ್ರೀತಿ. ನದಿ ಈಜಿ ಶಾಲೆಗೆ ಹೋದದ್ದು, ಬೀದಿ ದೀಪದ ಕೆಳಗೆ ಓದಿದ್ದು... ಹೆಸರು ಬದಲಾಗುತ್ತೆ ಅಷ್ಟೆ, ಕಥೆ ಅದೇ.

ತಮಿಳುನಾಡಿನ ಕಾಮರಾಜರ ಬಗ್ಗೆಯೂ ಇಂಥದ್ದೊಂದು ಸುತ್ತುತ್ತಾ ಇರುತ್ತೆ. ಅವರು ಮುಖ್ಯಮಂತ್ರಿಯಾಗಿದ್ದಾಗ ವಿರುದುನಗರದಲ್ಲಿದ್ದ ತಾಯಿ ಶಿವಕಾಮಿ ಅಮ್ಮನ ಮನೆಗೆ ಪುರಸಭೆಯವರು ನಲ್ಲಿ ಹಾಕಿಸಿಕೊಟ್ಟರಂತೆ. ಮಗನಿಗೆ ಗೊತ್ತಾಗಿ, ಊರಿಗೆಲ್ಲ ಇಲ್ಲದ್ದು ಇವರಿಗೊಬ್ಬರಿಗೆ ಯಾಕೆ ಅಂತ ಕೀಳಿಸಿದರಂತೆ. ಓದಿದವರೆಲ್ಲ "ಎಂಥಾ ಮನುಷ್ಯ!" ಅಂತಾರೆ.

ನನಗೆ ಮಾತ್ರ ಈ ಕಥೆ ಯಾಕೋ ಪೂರ್ತಿ ಇಷ್ಟವಾಗಲ್ಲ. ಪ್ರಾಮಾಣಿಕತೆ ಮಗನದ್ದು, ಕೊಡ ಹೊತ್ತದ್ದು ಅಮ್ಮ! ಆಕೆಯನ್ನು ಯಾರಾದರೂ ಒಂದು ಮಾತು ಕೇಳಿದ್ದರಾ? ಇರಲಿ. ನನ್ನ ನಿಜವಾದ ತಕರಾರು ಬೇರೆ. ನಲ್ಲಿ ಕಿತ್ತದ್ದನ್ನು ನೆನಪಿಟ್ಟುಕೊಂಡು, ಆ ಮನುಷ್ಯ ಹಾಕಿಸಿದ್ದನ್ನು ಮರೆತುಬಿಡ್ತೀವಲ್ಲ ಅನ್ನೋದು.

1903ರಲ್ಲಿ ಹುಟ್ಟಿದ ಕಾಮರಾಜ್ ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡರು. ಹನ್ನೆರಡು ತುಂಬುವ ಹೊತ್ತಿಗೆಲ್ಲ ಶಾಲೆ ಬಿಟ್ಟು ಸೋದರಮಾವನ ಬಟ್ಟೆ ಅಂಗಡಿ ಸೇರಿದರು. ಆಮೇಲೆ ಸ್ವಾತಂತ್ರ್ಯ ಚಳವಳಿ, ಉಪ್ಪಿನ ಸತ್ಯಾಗ್ರಹ, ಒಟ್ಟು ಎಂಟು ವರ್ಷಕ್ಕೂ ಹೆಚ್ಚು ಜೈಲು. ಇಂಥವರು 1954ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾದರು.

ಆ ಕುರ್ಚಿಯಲ್ಲಿ ಅವರಿಗಿಂತ ಮೊದಲು ಇದ್ದವರು ರಾಜಾಜಿ. ಮಹಾ ಪಂಡಿತರು. ಅವರು 1953ರಲ್ಲಿ ಹಳ್ಳಿ ಶಾಲೆಗಳಿಗೆ ಒಂದು ಯೋಜನೆ ತಂದಿದ್ದರು: ಅರ್ಧ ದಿನ ಪಾಠ, ಉಳಿದರ್ಧ ಮನೆಯಲ್ಲಿ ಅಪ್ಪನ ಕಸುಬು ಕಲಿಯೋದು. ಕಾಗದದ ಮೇಲೆ ಚೆಂದವೇ ಕಾಣುತ್ತೆ. ಆದರೆ ಕುಂಬಾರನ ಮಗ ಕುಂಬಾರನಾಗಿ, ಅಗಸನ ಮಗ ಅಗಸನಾಗಿ ಉಳಿಯೋದು ಅಂತ ತಾನೆ ಅದರ ಅರ್ಥ? ಜನ ರೊಚ್ಚಿಗೆದ್ದರು, ರಾಜಾಜಿ ಇಳಿದರು. ಕಾಮರಾಜ್ ಬಂದವರೇ ಅದನ್ನು ಕೈಬಿಟ್ಟರು. ಮುಚ್ಚಿದ್ದ ಶಾಲೆಗಳನ್ನು ತೆರೆಸಿ, ಶಾಲೆಯೇ ಇಲ್ಲದ ಹಳ್ಳಿಗಳಿಗೆ ಹೊಸದಾಗಿ ಕೊಟ್ಟರು. (ನಾಯಕನ ಆಯ್ಕೆಯಲ್ಲಿ ತಮ್ಮ ವಿರುದ್ಧ ನಿಂತಿದ್ದ ಸಿ. ಸುಬ್ರಮಣ್ಯಂ ಅವರನ್ನೇ ಮಂತ್ರಿ ಮಾಡಿಕೊಂಡರು. ಈಗಿನವರು ಮಾಡ್ತಾರಾ ಹೇಳಿ!)

ಶಾಲೆ ತೆರೆದರೆ ಮಕ್ಕಳು ಬರಬೇಕಲ್ಲ. ಹಸಿದ ಮಗು ಪಾಠ ಕೇಳೋದಿರಲಿ, ಶಾಲೆಗೇ ಬರಲ್ಲ, ದನ ಕಾಯೋಕೆ ಹೋಗುತ್ತೆ ಅನ್ನೋದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1956ರಲ್ಲಿ ಮಧ್ಯಾಹ್ನದ ಊಟ ಶುರುವಾಯಿತು. ಹಾಗಂತ ಮಕ್ಕಳಿಗೆ ಶಾಲೆಯಲ್ಲಿ ಊಟ ಹಾಕಿದ್ದು ಅದೇ ಮೊದಲಲ್ಲ, ಮದ್ರಾಸ್ ನಗರದಲ್ಲಿ 1920ರ ದಶಕದಲ್ಲೇ ಆ ಪ್ರಯತ್ನ ನಡೆದಿತ್ತು. ಅದನ್ನು ಹಳ್ಳಿ ಹಳ್ಳಿಗೆ ಒಯ್ದದ್ದು ಇವರು. ಖಜಾನೆಯಲ್ಲಿ ದುಡ್ಡಿಲ್ಲ ಅಂತ ಅಧಿಕಾರಿಗಳು ರಾಗ ಎಳೆದರೆ ಊರವರನ್ನೇ ಕೇಳಿದರು. ಅಕ್ಕಿ ಇದ್ದವರು ಅಕ್ಕಿ, ಸೌದೆ ಇದ್ದವರು ಸೌದೆ ಕೊಟ್ಟರು. ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಸುಂದರವಡಿವೇಲು ಅವರು ಇದಕ್ಕಾಗಿ ಊರೂರು ತಿರುಗಿದರು. ಆಮೇಲೆ ಸರ್ಕಾರವೂ ಪಾಲು ಹಾಕಿತು.

ಬಡತನದಿಂದ ಬಂದೆ ಅನ್ನೋದನ್ನೇ ಒಂದು ಅರ್ಹತೆ ಅಂತ ಭಾಷಣದಲ್ಲಿ ಹೇಳಿಕೊಳ್ಳುವವರಿಗೆ ನಮ್ಮಲ್ಲೇನೂ ಬರವಿಲ್ಲ. ಆದರೆ ತಾನು ಬಿಟ್ಟ ಶಾಲೆಯನ್ನು ಇನ್ನೊಬ್ಬರ ಮಗು ಬಿಡದ ಹಾಗೆ ನೋಡಿಕೊಂಡವರು ಎಷ್ಟು ಜನ?

ಮುಂದಿನ ರಾಜಕೀಯ ನಿಮಗೆ ಗೊತ್ತೇ ಇರುತ್ತೆ. 1963ರಲ್ಲಿ 'ಕಾಮರಾಜ್ ಯೋಜನೆ' ಅಂತ ತಾವೇ ಕುರ್ಚಿ ಬಿಟ್ಟರು, ಕಾಂಗ್ರೆಸ್ ಅಧ್ಯಕ್ಷರಾದರು. ನೆಹರೂ ನಂತರ ಶಾಸ್ತ್ರಿ, ಶಾಸ್ತ್ರಿ ನಂತರ ಇಂದಿರಾ, ಎರಡು ಸಲವೂ ಪ್ರಧಾನಿಯ ಆಯ್ಕೆಯ ಹಿಂದೆ ಇವರಿದ್ದರು. ತಾವು ಮಾತ್ರ ಪ್ರಧಾನಿಯಾಗಲು ಹೋಗಲಿಲ್ಲ. ಇಂದಿರಾ ತಮ್ಮ ಮಾತು ಕೇಳ್ತಾರೆ ಅಂದುಕೊಂಡದ್ದು ಅವರ ದೊಡ್ಡ ತಪ್ಪು ಲೆಕ್ಕ ಅಂತ ನನ್ನ ಅಭಿಪ್ರಾಯ. 1969ರಲ್ಲಿ ಪಕ್ಷ ಒಡೆದಾಗ ನಮ್ಮ ನಿಜಲಿಂಗಪ್ಪನವರೂ ಕಾಮರಾಜರೂ ಒಂದೇ ಕಡೆ, ಇಂದಿರಾ ಇನ್ನೊಂದು ಕಡೆ.

ಅದಕ್ಕೂ ಮುಂಚೆ, 1967ರಲ್ಲಿ, ವಿರುದುನಗರದಲ್ಲೇ ಒಬ್ಬ ವಿದ್ಯಾರ್ಥಿ ನಾಯಕನ ಎದುರು ಸೋತಿದ್ದರು. ಹುಟ್ಟಿದ ಊರಲ್ಲೇ! ಆ ಚುನಾವಣೆಯಲ್ಲಿ ಕಾಂಗ್ರೆಸ್ಸನ್ನು ಇಳಿಸಲು ಬೀದಿಗಿಳಿದ ಹುಡುಗರಲ್ಲಿ ಅವರ ಶಾಲೆಗಳಲ್ಲಿ ಅಕ್ಷರ ಕಲಿತವರು, ಅವರ ಊಟ ಉಂಡವರು ಎಷ್ಟೋ ಜನ ಇದ್ದಿರಬೇಕು. ಓದು ಕಲಿಸಿದರೆ ಪ್ರಶ್ನೆ ಕೇಳದೆ ಬಿಡ್ತಾರಾ?

1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನವೇ ತೀರಿಕೊಂಡರು. ಮರುವರ್ಷ ಭಾರತರತ್ನ ಬಂತು. ನಮ್ಮ ಕರ್ನಾಟಕದ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾಗಿದ್ದು 2002ರಲ್ಲಿ, ಅದೂ ಮೊದಲು ಕೆಲವೇ ಜಿಲ್ಲೆಗಳಲ್ಲಿ. ಪಕ್ಕದ ರಾಜ್ಯದಿಂದ ಇಲ್ಲಿಗೆ ಒಂದು ತಟ್ಟೆ ಅನ್ನ ಬರೋಕೆ 46 ವರ್ಷ ಬೇಕಾಯಿತು ನೋಡಿ.