ಪರೀಕ್ಷೆ ಮಕ್ಕಳಿಗೋ, ತಂದೆತಾಯಿಗಳಿಗೋ?

"ಈ ವರ್ಷ ನಮ್ಮಲ್ಲಿ ಹತ್ತನೆಯ ಇಯತ್ತೆ ಇದೆ, ಬರಲಾಗದು." ಸಂಘದ ಆಮಂತ್ರಣ ಹಿಡಿದು ಹೋದವರಿಗೆ ಬಾಗಿಲಲ್ಲೇ ಸಿಗುವ ಉತ್ತರವಿದು. ಮನೆಯಲ್ಲಿ ಯಾರಿಗೋ ದೊಡ್ಡ ಕಾಯಿಲೆ ಬಂದಿದೆ ಎನ್ನುವ ಧ್ವನಿಯಲ್ಲೇ ನಾವು ಈ ಮಾತನ್ನಾಡುತ್ತೇವೆ. ಜೂನ್ ತಿಂಗಳಲ್ಲೇ ಟಿ.ವಿ. ಬಂದ್, ಊರಿನ ಪ್ರಯಾಣ ಬಂದ್, ಯಕ್ಷಗಾನದ ಅಭ್ಯಾಸ ಬಂದ್, ಭಾನುವಾರದ ಕನ್ನಡ ವರ್ಗವೂ ಬಂದ್. ಶಾಲೆ ಮುಗಿಸಿ, ಕ್ಲಾಸು ಮುಗಿಸಿ, ಲೋಕಲಿನಲ್ಲಿ ನಿಂತು ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಮಗುವಿಗೆ ನಾವು ಅನ್ನಕ್ಕೆ ಮೊದಲು ಬಡಿಸುವುದು ಪ್ರಶ್ನೆಯನ್ನು: "ಟೆಸ್ಟಿನಲ್ಲಿ ಎಷ್ಟು ಬಂತು? ಪಕ್ಕದ ಮನೆಯವನಿಗೆಷ್ಟು?"

ಇದಕ್ಕೆ ನಾವು ಪ್ರೋತ್ಸಾಹ ಎಂದು ಹೆಸರಿಟ್ಟಿದ್ದೇವೆ. ವಾಸ್ತವದಲ್ಲಿ ಇದು ನಮ್ಮ ಭಯದ ಮೂಟೆಯನ್ನು ಹದಿನೈದರ ಹೆಗಲಿಗೆ ದಾಟಿಸುವ ಕೆಲಸ. ಊರಿನ ಗದ್ದೆ ಕೈಬಿಟ್ಟಿದೆ, ಇಲ್ಲಿ ಬ್ಯಾಂಕಿನ ಸಾಲದ ಎರಡು ಖೋಲಿ. ಸರ್ಟಿಫಿಕೇಟೊಂದೇ ಆಸ್ತಿ ಎಂಬ ಅಂಜಿಕೆ ನಮಗಿದೆ. ಅಂಜಿಕೆ ಸುಳ್ಳಲ್ಲ. ಆದರೆ ಅದನ್ನು ಹೊರಬೇಕಾದವರು ನಾವೇ ಹೊರತು ಮಕ್ಕಳಲ್ಲ.

ನಮ್ಮ ಹಿರಿಯರನ್ನು ನೆನೆಯೋಣ. ಹಗಲೆಲ್ಲ ಹೋಟೆಲಿನಲ್ಲಿ ಮಾಣಿಗಳಾಗಿ ದುಡಿದು, ಸಂಜೆ ಈ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೆಟ್ರಿಕ್ ಆದವರು ನಮ್ಮಲ್ಲಿ ಎಷ್ಟು ಮಂದಿ! ಅವರಿಗೆ ಕ್ಲಾಸಿರಲಿಲ್ಲ, ಗೈಡಿರಲಿಲ್ಲ. ದೊರೆತದ್ದು ಒಂದು ಬೆಂಚು, ಒಂದು ದೀಪ, "ಓದು ಮಗಾ" ಎನ್ನುವ ಒಬ್ಬ ಮಾಸ್ತರರು. ಇಂದು ಸಾವಿರಾರು ರೂಪಾಯಿ ಫೀಸು ಕಟ್ಟುವ ನಾವು ಆ ಮೂರನ್ನೇ ಕೊಡುತ್ತಿಲ್ಲ.

ಇದು ಬರಿಯ ಭಾವುಕತೆಯ ಮಾತಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು. ಅತಿ ಹೆಚ್ಚು ಮಂದಿ ನಾವಿರುವ ಈ ಮಹಾರಾಷ್ಟ್ರದಲ್ಲೇ. ಎಲ್ಲಕ್ಕೂ ಪರೀಕ್ಷೆಯೇ ಕಾರಣವಲ್ಲ, ನಿಜ. ಆದರೆ "ನಪಾಸಾದರೆ ಮುಖ ತೋರಿಸಬೇಡ" ಎಂದು ಸಿಟ್ಟಿನಲ್ಲಿ ಆಡಿದ ಮಾತನ್ನು ನಾವು ಮರೆಯುತ್ತೇವೆ, ಮಗು ಮರೆಯುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು, ಮಗು ಮಲಗಲಿ. ಈ ವಯಸ್ಸಿಗೆ ಎಂಟು ತಾಸಿನ ನಿದ್ದೆಯಾದರೂ ಬೇಕು. ಓದಿದ್ದು ನೆನಪಿನಲ್ಲಿ ಕೂರುವುದು ನಿದ್ದೆಯಲ್ಲಿಯೇ. ನಡುರಾತ್ರಿ ಚಹಾ ಮಾಡಿಕೊಡುವ ತಾಯಿಯ ತ್ಯಾಗ ದೊಡ್ಡದು, ಫಲ ಸಣ್ಣದು. ಎರಡನೆಯದಾಗಿ, ಅದೇ ಪುಟವನ್ನು ಹತ್ತು ಸಲ ಓದಿಸುವ ಬದಲು ಪುಸ್ತಕ ಮುಚ್ಚಿಸಿ, "ನನಗೊಮ್ಮೆ ತಿಳಿಸಿ ಹೇಳು" ಎನ್ನಿ. ಇಂಗ್ಲಿಷಿನಲ್ಲಿ ಕಲಿತ ವಿಜ್ಞಾನವನ್ನು ಅಜ್ಜಿಗೆ ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಬಲ್ಲ ಹುಡುಗಿಗೆ ಆ ಪಾಠ ಬಂದಿದೆ ಎಂದೇ ಅರ್ಥ. ಮೂರನೆಯದಾಗಿ, ಸೋತರೂ ದಾರಿಯಿದೆ ಎಂದು ಮೊದಲೇ ಹೇಳಿಬಿಡಿ. 2015ರಿಂದ ಈ ರಾಜ್ಯದ ಮಂಡಳಿ ಅನುತ್ತೀರ್ಣರಾದವರಿಗೆ ಅದೇ ವರ್ಷ ಮರುಪರೀಕ್ಷೆ ನಡೆಸುತ್ತಿದೆ. ಮಗು ಮಂಕಾಗಿ ಮಾತು ಬಿಟ್ಟರೆ ನಾಚದೆ 14416ಕ್ಕೆ ಕರೆಮಾಡಿ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳ್ತನದ 'ಟೆಲಿ ಮಾನಸ್' ಎಂಬ ಉಚಿತ ಸರ್ಕಾರಿ ಸೇವೆಯದು, ಕನ್ನಡದಲ್ಲೂ ಮಾತನಾಡಬಹುದು.

ಇನ್ನು ನಮ್ಮ ಸಂಘದ ತಪ್ಪನ್ನೂ ಒಪ್ಪಿಕೊಳ್ಳೋಣ. ವರ್ಷವರ್ಷವೂ ಶೇಕಡಾ 90 ದಾಟಿದವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಕೆಳಗೆ ಕುಳಿತ, 52 ಪಡೆದ ಹುಡುಗ ಆಮೇಲೆ ಸಂಘದ ಮೆಟ್ಟಿಲು ಹತ್ತುವುದಿಲ್ಲ. ಅವನೊಂದಿಗೆ ಅವನ ಕನ್ನಡವೂ ಹೋಗುತ್ತದೆ. ನಂತರ ನಾವೇ "ಯುವಕರು ಬರುತ್ತಿಲ್ಲ" ಎಂದು ಭಾಷಣ ಮಾಡುತ್ತೇವೆ!

ಆ ಶಾಲು-ಹಾರದ ಹಣದಲ್ಲಿ ಜನವರಿಯಿಂದ ಮಾರ್ಚಿಯವರೆಗೆ ಸಂಘದ ವಾಚನಾಲಯವನ್ನು ಸಂಜೆ ಆರರಿಂದ ಹತ್ತರವರೆಗೆ ಮಕ್ಕಳ ಓದಿಗೆ ತೆರೆದಿಡೋಣ. ಒಂದು ಖೋಲಿಯಲ್ಲಿ ಐದು ಮಂದಿ ಇರುವ ಮನೆಯ ಮಗುವಿಗೆ ಬೇಕಾದದ್ದು ಸನ್ಮಾನವಲ್ಲ, ಸದ್ದಿಲ್ಲದ ಒಂದು ಮೂಲೆ. ನಿವೃತ್ತ ಶಿಕ್ಷಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬೆಂಚಿದೆ, ದೀಪವಿದೆ. ಬೀಗ ತೆಗೆಯುವ ಮನಸ್ಸೊಂದು ಬೇಕು.