ತಪ್ಪು ಉತ್ತರಕ್ಕೆ ಪೂರ್ತಿ ಅಂಕ

ರಾಜ್ಯೋತ್ಸವದ ಅಂಗವಾಗಿ ಕೊಂಡಾಪುರದ ನಮ್ಮ ಸದಸ್ಯರು ಮಕ್ಕಳಿಗಾಗಿ ಒಂದು ರಸಪ್ರಶ್ನೆ ಏರ್ಪಡಿಸಿದ್ದರು. "ಭಾರತಕ್ಕೆ ಕ್ರೈಸ್ತಮತ ಯಾರ ಮೂಲಕ ಬಂದಿತು?" ಎಂಬುದು ಅದರಲ್ಲೊಂದು ಪ್ರಶ್ನೆ. ಏಳನೆಯ ತರಗತಿಯ ಬಾಲಿಕೆಯೊಬ್ಬಳು ಎದ್ದು ನಿಂತು, "ಪೋರ್ಚುಗೀಸರಿಗಿಂತ ಬಹಳ ಮುಂಚೆ, ಹಡಗಿನಲ್ಲಿ ಬಂದ ವ್ಯಾಪಾರಿಗಳ ಮೂಲಕ" ಎಂದಳು. ಪ್ರಶ್ನೆ ಕೇಳುವವರು ಕೈಯಲ್ಲಿದ್ದ ಹಾಳೆ ನೋಡಿದರು. ಹಾಳೆಯಲ್ಲಿ "ವಾಸ್ಕೋ ಡ ಗಾಮ, 1498" ಎಂದಿತ್ತು. ಹುಡುಗಿಗೆ ಸೊನ್ನೆ. ಪಕ್ಕದ ತಂಡದ ಹುಡುಗ ವಾಸ್ಕೋ ಡ ಗಾಮ ಎಂದ, ಹತ್ತಕ್ಕೆ ಹತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಿದವರಲ್ಲಿ ನಾವೂ ಇದ್ದೆವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಅಷ್ಟಕ್ಕೇ ಮುಗಿಯಲಿಲ್ಲ. ಊಟದ ಹೊತ್ತಿಗೆ ಮಾತು ಪಶ್ಚಿಮ ಏಷ್ಯದ ಯುದ್ಧಕ್ಕೆ ಹೊರಳಿತು. ಹಿರಿಯರೊಬ್ಬರು, "ಯೆಹೂದ್ಯರು, ಕ್ರೈಸ್ತರು, ಮುಸಲ್ಮಾನರು ಹುಟ್ಟಿದಾಗಿನಿಂದ ಹೊಡೆದಾಡಿಕೊಂಡೇ ಬಂದವರು. ಮೂರೂ ಮರಳುಗಾಡಿನ ಮತಗಳು. ನಮ್ಮ ನೆಲಕ್ಕೂ ಅವಕ್ಕೂ ಏನು ಸಂಬಂಧ ಸ್ವಾಮಿ?" ಎಂದರು. ಎಲ್ಲರೂ ತಲೆದೂಗಿದರು. ಆಗ ನಮ್ಮ ಎಲೆಗಳಿಗೆ ಬಿಸಿಬೇಳೆಭಾತ್ ಬಡಿಸುತ್ತಿದ್ದವರು ಬೀದರಿನವರು, ನಮಗಿಂತ ಒಳ್ಳೆಯ ಕನ್ನಡ ಆಡುವವರು, ಹೆಸರಿನಲ್ಲೇ ಇಬ್ರಾಹಿಂ ಇರುವವರು. ಅವರು ಏನೂ ಅನ್ನಲಿಲ್ಲ. ಬಡಿಸುತ್ತ ಮುಂದಿನ ಪಂಕ್ತಿಗೆ ಹೋದರು.

ಆ ಹಿರಿಯರ ಮೇಲೆ ನಮಗೆ ವೈಯಕ್ತಿಕ ಸಿಟ್ಟಿಲ್ಲ. ಈ ಮಾತು ಅವರೊಬ್ಬರದೂ ಅಲ್ಲ. ಓದಿಕೊಂಡ ಮನೆಗಳಲ್ಲೆಲ್ಲ ಕೇಳಿಬರುವ ಮಾತು. ಆದರೆ ಅದು ಸುಳ್ಳು. ನಮ್ಮ ಸಂಘದ ಪಂಕ್ತಿಯಲ್ಲಿ ಕುಳಿತವರಲ್ಲಿ ಕೆಲವರನ್ನು ಪರಕೀಯರನ್ನಾಗಿ ಮಾಡುವ ಸುಳ್ಳು. ಆದ್ದರಿಂದ ಸುಮ್ಮನಿರುವುದು ಸರಿಯೆನಿಸಲಿಲ್ಲ.

ಮೊದಲು ರಸಪ್ರಶ್ನೆಯ ಮಾತು. ಕ್ರಿ. ಶ. 849ರಲ್ಲಿ, ಎಂದರೆ ನಮ್ಮಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ, ವೇಣಾಡಿನ ಒಡೆಯ ಅಯ್ಯನ್ ಅಡಿಗಳ್ ಕೊಲ್ಲಂ ಪಟ್ಟಣದ ತರಿಸಾಪಳ್ಳಿ ಎಂಬ ಚರ್ಚಿಗೆ ಭೂಮಿಯನ್ನೂ ಹಕ್ಕುಗಳನ್ನೂ ತಾಮ್ರಪಟದಲ್ಲಿ ಬರೆಸಿಕೊಟ್ಟ. ಆ ತಾಮ್ರಪಟ ಇಂದಿಗೂ ಇದೆ. ಅದರಲ್ಲಿ ಸಾಕ್ಷಿ ಹಾಕಿದವರು ಯಾರೆಂದು ನೋಡಬೇಕು. ಕೆಲವರದು ಅರಬ್ಬಿ ಲಿಪಿಯ ರುಜು, ಕೆಲವರದು ಪಹ್ಲವಿ, ಇನ್ನು ಕೆಲವರದು ಹೀಬ್ರೂ ಅಕ್ಷರದಲ್ಲಿ ಬರೆದ ಪಾರಸಿ. ಚರ್ಚಿಗೆ ಹಿಂದೂ ಅರಸು ಕೊಟ್ಟ ದತ್ತಿಗೆ ಮುಸಲ್ಮಾನರು, ಪಾರಸಿಗಳು, ಯೆಹೂದ್ಯರು ಸಾಕ್ಷಿ! ವಾಸ್ಕೋ ಡ ಗಾಮ ಬರುವುದಕ್ಕೆ ಆಗ ಇನ್ನೂ 649 ವರ್ಷ ಬಾಕಿ. ಅವನ ಹಿಂದೆ ಬಂದವರು ಅಲ್ಲಿನ ಹಳೆಯ ಕ್ರೈಸ್ತರಿಗೆ ಮಾಡಿದ ಉಪಕಾರವೇನೆಂದರೆ, 1599ರಲ್ಲಿ ಉದಯಂಪೇರೂರಿನಲ್ಲಿ ಸಭೆ ಕೂಡಿಸಿ ಅವರ ಸಿರಿಯಾಕ್ ಗ್ರಂಥಗಳನ್ನು ಸುಡುವಂತೆ ಆಜ್ಞೆ ಮಾಡಿದ್ದು. ನಮ್ಮ ಉತ್ತರದ ಹಾಳೆ ಪುರಸ್ಕರಿಸಿದ್ದು ಇವರನ್ನು.

ಕೇರಳದ ಮಾತು ನಮಗೇಕೆ ಎನ್ನುವವರಿಗೆ ಮಂಗಳೂರಿದೆ. 1132ನೆಯ ಇಸವಿ. ದೋರಸಮುದ್ರದಲ್ಲಿ ವಿಷ್ಣುವರ್ಧನ ಆಳುತ್ತಿದ್ದ ಕಾಲ. ಈಗಿನ ಟ್ಯುನೀಸಿಯದ ಮಹದಿಯಾ ಪಟ್ಟಣದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದು ಬೀಡುಬಿಟ್ಟಿದ್ದ. 1149ರವರೆಗಿನ ಅವನ ಬಾಳಿನ ಹೆಚ್ಚಿನ ಭಾಗ ಅಲ್ಲಿಯೇ ಕಳೆಯಿತು. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಇಲ್ಲಿಂದ ಹೋಗುತ್ತಿತ್ತು. ಕಾಗದ, ಸಕ್ಕರೆ, ಒಣದ್ರಾಕ್ಷಿ, ಸಾಬೂನು ಅಲ್ಲಿಂದ ಬರುತ್ತಿತ್ತು. 1132ರ ಅಕ್ಟೋಬರ್ 17ರಂದು ಅವನು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಮಂಗಳೂರಿನಲ್ಲೇ ಪತ್ರ ಬರೆದುಕೊಟ್ಟ. ಅವಳೇ ಅವನ ಮಡದಿಯಾಗಿ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರ ಅಭಿಪ್ರಾಯ.

ಇದೆಲ್ಲ ಹೇಗೆ ಗೊತ್ತಾಯಿತು? ದೇವರ ಹೆಸರಿರಬಹುದಾದ ಕಾಗದವನ್ನು ಯೆಹೂದ್ಯರು ಎಸೆಯುವುದಿಲ್ಲ. ಕಾಗದ ಕಾಲಿಗೆ ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದು ಅರ್ಥವಾಗದ ವಿಷಯವಲ್ಲ. ಹಳೆಯ ಕೈರೋದ ಬೆನ್ ಎಜ್ರಾ ಮಂದಿರದ ಕೋಣೆಯಲ್ಲಿ ಶತಮಾನಗಳ ಕಾಲ ಹೀಗೆ ಪೇರಿಸಿಟ್ಟ ಕಾಗದಗಳಲ್ಲಿ ಬಹುಪಾಲು 1897ರಲ್ಲಿ ಕೇಂಬ್ರಿಜ್ಜಿಗೆ ಹೋದವು. ಗೊಯ್‌ಟೈನ್ ಎಂಬ ಪಂಡಿತರು ಅವುಗಳಲ್ಲಿ ಮಂಗಳೂರಿನ ಈ ವರ್ತಕನನ್ನು ಹುಡುಕಿ ತೆಗೆದರು. ಕಾಗದಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುವ ಮಂಗಳೂರಿಗರಿಗೆ ಇದೇನೂ ವಿಚಿತ್ರವಾಗಿ ತೋರದು. ಅರಬ್ಬಿಯೆಂದರೆ ಮುಸಲ್ಮಾನರ ಭಾಷೆ, ಯೆಹೂದ್ಯರೆಂದರೆ ಯೂರೋಪಿನ ಬಿಳಿಯರು ಎಂದು ನಂಬಿರುವವರು ಮಾತ್ರ ಸ್ವಲ್ಪ ತಬ್ಬಿಬ್ಬಾಗಬೇಕಾಗುತ್ತದೆ.

ಅದೇ ಕಾಗದಗಳಲ್ಲಿ ಅವನ ದಾಸನೂ ಕಾರಭಾರಿಯೂ ಆಗಿ ಏಡನ್ನಿಗೆ ಹೋಗಿಬರುತ್ತಿದ್ದ ಒಬ್ಬನ ಹೆಸರು ಬರುತ್ತದೆ. ಸ್ವರಚಿಹ್ನೆಗಳಿಲ್ಲದೆ ಬರೆದ ಬ, ಮ, ಹ ಎಂಬ ಮೂರೇ ಅಕ್ಷರ. ಅಮಿತಾವ್ ಘೋಷ್ ಎಂಬ ಲೇಖಕರು ಈ ಮೂರಕ್ಷರ ಹಿಡಿದು ಮಂಗಳೂರಿಗೆ ಬಂದು ಪ್ರೊ. ಬಿ. ಎ. ವಿವೇಕ ರೈ ಅವರನ್ನು ವಿಚಾರಿಸಿದರು. ಹೆಸರು ಬೊಮ್ಮ! ಬೊಮ್ಮಣ್ಣ, ಬೊಮ್ಮಯ್ಯಗಳ ನಾಡಿನ ನಮಗೆ ಇದರ ಅರ್ಥ ಹೇಳಬೇಕಾಗಿಲ್ಲ. ಘೋಷರ ಪುಸ್ತಕ 1992ರಲ್ಲಿ ಹೊರಬಂದಿತು. ಏಡನ್ನಿನ ಯೆಹೂದಿ ಗೆಳೆಯರು ಕಾಗದದ ಕೊನೆಗೆ ಬೊಮ್ಮನಿಗೂ ನಮಸ್ಕಾರ ಹೇಳಿ ಕಳಿಸುತ್ತಿದ್ದರು. ದಾಸ್ಯ ದಾಸ್ಯವೇ, ಅದನ್ನು ಸಿಂಗರಿಸುವುದು ಬೇಡ. ಆದರೆ "ನಮ್ಮ ನೆಲಕ್ಕೂ ಅವಕ್ಕೂ ಏನು ಸಂಬಂಧ" ಎಂಬ ಪ್ರಶ್ನೆಗೆ ಬೊಮ್ಮನ ಹೆಸರೇ ಸಾಕು.

ಕತ್ತಿಯ ಮಾತು ಬಂದೇ ಬರುತ್ತದೆಯಾದ್ದರಿಂದ ಅದನ್ನೂ ಹೇಳಿಬಿಡುತ್ತೇವೆ. ಕತ್ತಿ ಹಿಡಿದು ಬಂದವರು ಇಲ್ಲವೆಂದು ನಾವು ಹೇಳುವುದಿಲ್ಲ. ದೋರಸಮುದ್ರದ ಪಾಳು ಕಂಡವರು ಹಾಗೆ ಹೇಳಲಾರರು. ಆದರೆ ಕತ್ತಿಗಿಂತ ಮೊದಲು ತಕ್ಕಡಿ ಬಂದಿತ್ತು. 1342ರ ಸುಮಾರಿಗೆ ಮಂಗಳೂರು ಕಂಡ ಇಬ್ನ್ ಬತೂತ, ಅಲ್ಲಿ ನಾಲ್ಕು ಸಾವಿರದಷ್ಟು ಮುಸಲ್ಮಾನರಿದ್ದರೆಂದು ಬರೆದಿದ್ದಾನೆ. ಊರವರಿಗೂ ಅವರಿಗೂ ಆಗಾಗ ಜಗಳವಾಗುತ್ತಿತ್ತು, ವರ್ತಕರು ಬೇಕಾದ್ದರಿಂದ ಅರಸನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ ಎಂದೂ ಬರೆದಿದ್ದಾನೆ. ನೆರೆಹೊರೆಯೆಂದರೆ ಇಷ್ಟೇ ತಾನೇ.

ಇನ್ನು "ಹುಟ್ಟಿದಾಗಿನಿಂದ ಹೊಡೆದಾಟ." ಬೆನ್ ಯಿಜುವಿನ ಮನೆತನದ ಕಥೆಯನ್ನೇ ಮುಂದುವರಿಸಿ ನೋಡೋಣ. 1148ರಲ್ಲಿ ಸಿಸಿಲಿಯ ಕ್ರೈಸ್ತ ದೊರೆ ಎರಡನೆಯ ರೋಜರನ ನೌಕಾಸೇನೆ ಮಹದಿಯಾ ಹಿಡಿಯಿತು; ಇವನ ಒಡಹುಟ್ಟಿದವರು ದಿಕ್ಕೆಟ್ಟು ಸಿಸಿಲಿ ಸೇರಿದರು. ಅದೇ ದಶಕದಲ್ಲಿ ಉತ್ತರ ಆಫ್ರಿಕದ ಪಶ್ಚಿಮ ಭಾಗದಲ್ಲಿ ಅಲ್ಮೋಹದ್ ಎಂಬ ಮುಸ್ಲಿಂ ಅರಸರು ಯೆಹೂದ್ಯರನ್ನು ಬಲಾತ್ಕಾರವಾಗಿ ಮತಾಂತರ ಮಾಡುತ್ತಿದ್ದರು. ಅದೇ ಕಾಲಕ್ಕೆ ಮುಸ್ಲಿಂ ಆಳ್ವಿಕೆಯ ಈಜಿಪ್ಟಿನಲ್ಲಿ ಯೆಹೂದ್ಯರು ಅಂಗಡಿ, ನ್ಯಾಯಾಲಯ, ಮಂದಿರಗಳನ್ನಿಟ್ಟುಕೊಂಡು ಬಾಳುತ್ತಿದ್ದರು; ಬೆನ್ ಯಿಜುವಿನ ಮಗಳ ಮದುವೆ 1156ರಲ್ಲಿ ಅಣ್ಣತಮ್ಮಂದಿರ ಮಕ್ಕಳ ಸಂಬಂಧವಾಗಿ ನಡೆದದ್ದು ಅಲ್ಲಿ. ಯೆಹೂದಿ ತತ್ತ್ವಶಾಸ್ತ್ರದ ಮೇರುವೆನಿಸಿದ ಮೈಮೋನಿಡಿಸ್ ಅಲ್ಮೋಹದರ ನಾಡಿನಿಂದ ತಪ್ಪಿಸಿಕೊಂಡು ಬಂದು ನೆಲೆ ಕಂಡದ್ದೂ ಅಲ್ಲಿಯೇ. ಸಲಾಹುದ್ದೀನನ ಮಂತ್ರಿಗೆ ವೈದ್ಯನಾದ, ತನ್ನ ಮಹಾಗ್ರಂಥವನ್ನು ಅರಬ್ಬಿಯಲ್ಲಿ ಬರೆದ. ಅವನ ತಮ್ಮ ದಾವೀದ ವ್ಯಾಪಾರಕ್ಕೆಂದು ಹಿಂದುಸ್ಥಾನದ ಕಡೆಗೆ ಹೊರಟು ಸಮುದ್ರದಲ್ಲಿ ಮುಳುಗಿಹೋದ. 1492ರಲ್ಲಿ ಕ್ರೈಸ್ತ ಸ್ಪೇನ್ ಹೊರದೂಡಿದ ಯೆಹೂದ್ಯರಲ್ಲಿ ಅನೇಕರಿಗೆ ಆಶ್ರಯ ಕೊಟ್ಟವನು ತುರುಕರ ಸುಲ್ತಾನ. ಇದರಲ್ಲಿ ಯಾರು ಯಾರಿಗೆ ಹುಟ್ಟುಶತ್ರು? ಇಂದಿನ ಇಸ್ರೇಲ್-ಪ್ಯಾಲೆಸ್ಟೈನ್ ಕಲಹವನ್ನು ಅಬ್ರಹಾಮನ ಮನೆಯ ದಾಯಾದಿ ಜಗಳವೆನ್ನುವುದು ಕೇಳಲು ಚೆನ್ನಾಗಿದೆ. ಅದರ ಬೇರು ಇರುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, 1917ರ ಬಾಲ್ಫರ್ ಘೋಷಣೆಯಲ್ಲಿ, 1948ರ ಯುದ್ಧದಲ್ಲಿ. ಜಗಳ ನೆಲದ್ದು. ನೆಲ ಕಳೆದುಕೊಂಡವರಲ್ಲಿ ಕ್ರೈಸ್ತರೂ ಇದ್ದಾರೆ.

"ಅಲ್ಲಾಹ್ ಬೇರೆ ದೇವರು" ಎಂಬುದಕ್ಕೆ ಹೆಚ್ಚು ಕಾಗದ ಖರ್ಚು ಮಾಡುವುದಿಲ್ಲ. ಅರಬ್ಬಿ ಆಡುವ ಕ್ರೈಸ್ತರ ಬೈಬಲ್ಲಿನಲ್ಲಿರುವುದು ಅದೇ ಪದ. ಹತ್ತನೆಯ ಶತಮಾನದಲ್ಲಿ ತೋರಾವನ್ನು ಅರಬ್ಬಿಗೆ ತಂದ ಯೆಹೂದಿ ಗುರು ಸಾದಿಯಾ ಬಳಸಿದ್ದೂ ಅದನ್ನೇ. ಕುರಾನಿನಲ್ಲಿ ಹೆಸರು ಹಿಡಿದು ಕರೆದ ಏಕೈಕ ಸ್ತ್ರೀ ಯೇಸುವಿನ ತಾಯಿ ಮರಿಯಮ್.

ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದಿದೆ. ಯೆಹೂದಿ ಮತ ಅಜ್ಜಿ, ಕ್ರೈಸ್ತ ಮತ ಮಗಳು, ಇಸ್ಲಾಂ ಮೊಮ್ಮಗಳು ಎಂದು ವಂಶವೃಕ್ಷ ಬರೆಯುವುದು. ಇಂದು ನಾವು ಕಾಣುವ ಯೆಹೂದಿ ಮತ ಕ್ರಿ. ಶ. 70ರಲ್ಲಿ ಜೆರೂಸಲೇಮಿನ ದೇವಾಲಯ ಹಾಳಾದ ಮೇಲೆ ರಬ್ಬಿಗಳ ಕೈಯಲ್ಲಿ ರೂಪುಗೊಂಡದ್ದು. ಅವರ ಮಿಷ್ನಾ ಸಂಗ್ರಹವಾದದ್ದು 200ರ ಸುಮಾರಿಗೆ, ತಾಲ್ಮುದ್ ಇನ್ನೂ ತಡವಾಗಿ. ಎಂದರೆ ಕ್ರೈಸ್ತಮತ ಬೆಳೆಯುತ್ತಿದ್ದ ಕಾಲದಲ್ಲೇ, ಅದೇ ಹಳೆಯ ಮನೆಯಲ್ಲಿ, ಇನ್ನೊಂದು ಮಗುವಾಗಿ ಇದೂ ಬೆಳೆಯಿತು. 2025ರಲ್ಲಿ ತಮಿಳು ಚಿತ್ರನಟರೊಬ್ಬರು ಕನ್ನಡ ತಮಿಳಿನಿಂದ ಹುಟ್ಟಿತೆಂದಾಗ ನಾವೆಲ್ಲ ಎಷ್ಟು ಕೆರಳಿದೆವು! ಎರಡೂ ಮೂಲ ದ್ರಾವಿಡದಿಂದ ಬಂದ ಅಕ್ಕತಂಗಿಯರು, ತಾಯಿ ಮಗಳಲ್ಲ ಎಂದು ಊರೆಲ್ಲ ಪಾಠ ಹೇಳಿದೆವು. ಆ ಪಾಠವನ್ನು ಇನ್ನೊಬ್ಬರ ಮನೆಯ ಲೆಕ್ಕಕ್ಕೂ ಅನ್ವಯಿಸಬಾರದೆ?

ನಮ್ಮಲ್ಲೇ ಉದಾರಿಗಳಾದ ಕೆಲವರು "ಮೂರೂ ಒಂದೇ ಬಿಡಿ" ಎನ್ನುವುದುಂಟು. ಅದೂ ಸರಿಯಲ್ಲ. ಯೇಸು ಕ್ರೈಸ್ತರಿಗೆ ದೇವಪುತ್ರ, ಮುಸಲ್ಮಾನರಿಗೆ ಪ್ರವಾದಿ, ಯೆಹೂದ್ಯರಿಗೆ ಎರಡೂ ಅಲ್ಲ. ಅಬ್ರಹಾಂ ಬಲಿಗೆ ಒಯ್ದ ಮಗ ಬೈಬಲ್ಲಿನಲ್ಲಿ ಇಸಾಕ. ಕುರಾನ್ ಹೆಸರು ಹೇಳುವುದಿಲ್ಲ, ಮುಸಲ್ಮಾನರು ಹೆಚ್ಚಾಗಿ ಇಸ್ಮಾಯಿಲನೆನ್ನುತ್ತಾರೆ. ಒಂದೇ ಕಥೆ ಗೊತ್ತಿರುವವರ ನಡುವೆ ಮಾತ್ರ ಇಂಥ ಭಿನ್ನಾಭಿಪ್ರಾಯ ಸಾಧ್ಯ.

ಕೊನೆಗೆ ನಮ್ಮ ಹಿತ್ತಿಲ ಮಾತು. ಕೊಂಡಾಪುರದಿಂದ ಗೋಲ್ಕೊಂಡ ಕೋಟೆ ಆಟೋದಲ್ಲಿ ಹೋಗುವಷ್ಟು ದೂರ. ಊರಿಂದ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ದು, ದ್ವಾರದಲ್ಲಿ ಚಪ್ಪಾಳೆ ತಟ್ಟಿಸಿ, ಮೇಲೆ ಕೇಳಿಸುತ್ತದೆಯೆಂದು ತೋರಿಸುತ್ತೇವೆ. ಆ ಕೋಟೆ ಅಬ್ದುಲ್ಲಾ ಕುತುಬ್ ಷಾನದಾಗಿದ್ದ ಕಾಲದಲ್ಲಿ, 1647ರಲ್ಲಿ, ಪಾರಸಿ ಲೇಖಕನೊಬ್ಬ ಹೈದರಾಬಾದಿನಲ್ಲಿ ಸರ್ಮದ್ ಎಂಬ ಫಕೀರನನ್ನು ಕಂಡ. ಸರ್ಮದ್ ಹುಟ್ಟಿದ್ದು ಪರ್ಷಿಯದಲ್ಲಿ, ಯೆಹೂದಿ ಪಂಡಿತರ ಮನೆಯಲ್ಲಿ. ತೋರಾ ಓದಿಕೊಂಡು, ಆಮೇಲೆ ಇಸ್ಲಾಮಿಗೆ ಬಂದವನು. ಜೊತೆಯಲ್ಲಿದ್ದವನು ಸಿಂಧಿನ ಠಟ್ಟಾ ಊರಿನ ಹಿಂದೂ ಯುವಕ ಅಭಯಚಂದ. ಈ ಹುಡುಗ ಸರ್ಮದನಲ್ಲಿ ತೋರಾ ಕಲಿತು ಅದರ ಮೊದಲ ಭಾಗವನ್ನು ಪಾರಸಿಗೆ ತಂದ. ಸರ್ಮದ್ ಹೇಳಿದ ಯೆಹೂದಿ ಮತದ ವಿವರವೂ ಅಭಯಚಂದನ ಅನುವಾದವೂ ಸೇರಿ 'ದಬಿಸ್ತಾನ್-ಇ-ಮಜಾಹಿಬ್' ಎಂಬ ಗ್ರಂಥದಲ್ಲಿ ಉಳಿದುಬಂದಿವೆ. ಸರ್ಮದ್ ಮುಂದೆ ದಿಲ್ಲಿಗೆ ಹೋದ. ಔರಂಗಜೇಬನ ಆಳ್ವಿಕೆಯಲ್ಲಿ, 1661ರ ಸುಮಾರಿಗೆ, ಅವನ ತಲೆ ಹೋಯಿತು. ಜಾಮಾ ಮಸೀದಿಯ ಬಳಿಯ ಅವನ ಸಮಾಧಿಗೆ ಇಂದಿಗೂ ಜನ ಹೋಗುತ್ತಾರೆ. ನಾವು ಗೋಲ್ಕೊಂಡದಲ್ಲಿ ಚಪ್ಪಾಳೆಯ ಕಥೆ ಹೇಳುತ್ತೇವೆ, ಈ ಕಥೆ ಹೇಳುವುದಿಲ್ಲ.

ಸಂಚಾಲಕರಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಮುಂದಿನ ಸಲ ಪ್ರಶ್ನೆಗಳ ಹಾಳೆಯನ್ನು ಸ್ಪರ್ಧೆಗೆ ಮುಂಚೆ ಇಬ್ಬರಾದರೂ ತಿದ್ದಿ ನೋಡಲಿ. ಅವರಲ್ಲೊಬ್ಬರು ಬೀದರಿನ ನಮ್ಮ ಮಿತ್ರರಾದರೆ ಒಳಿತು. ಆ ಬಾಲಿಕೆಗೆ ಸಲ್ಲಬೇಕಾದ ಹತ್ತು ಅಂಕಗಳನ್ನು ಈಗಲಾದರೂ ಕೊಡಲಿ. ಕೊಟ್ಟರೆ ಅವಳ ತಂಡ ಎರಡನೆಯ ಸ್ಥಾನಕ್ಕೆ ಬರುತ್ತದೆ. ಲೆಕ್ಕ ಹಾಕಿ ನೋಡಿದ್ದೇವೆ.